ರೋಮ್: ನಾಲ್ಕು ದಿನ, ಕೈಯಳತೆ ಖರ್ಚು, ಆದಷ್ಟು ನಡೆದೇ ನೋಡೋದು ಹೇಗೆ?

ತುಂಗಾತೀರ (ಶಿವಮೊಗ್ಗ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ಮೊದಲ ವಾರ ನಾವು ಗಂಡ ಹೆಂಡತಿ ರೋಮ್‌ನಲ್ಲಿರ್ತೀವಿ. ಶನಿವಾರ ಬೆಳಿಗ್ಗೆ ಇಳಿದು ಬುಧವಾರ ಬೆಳಿಗ್ಗೆ ಹೊರಡೋದು. ಇಬ್ಬರಿಗೂ ಅರವತ್ತರ ಆಸುಪಾಸು. ದಿನಕ್ಕೆ ಎಂಟು ಕಿಲೋಮೀಟರ್ ನಡೀತೀವಿ, ಆದ್ರೆ ಸಂಜೆ ಏರು ಹತ್ತೋಕೆ ಮಂಡಿ ಕೇಳಲ್ಲ. ರೂಮು ಟೆರ್ಮಿನಿ ಸ್ಟೇಷನ್ ಹತ್ತಿರ, ತ್ರೀ ಸ್ಟಾರ್ ಹೋಟೆಲ್. ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಬಸ್ಸು-ಮೆಟ್ರೋ ಪಾಸ್ ತಗೊಬೇಕಾ? ದುಡ್ಡು ಕೊಡದೆ ನೋಡುವಂಥದ್ದು ಏನೇನಿದೆ? ಊಟಕ್ಕೆ ಏನು ದಾರಿ? ಮನೆಯಿಂದ ಏನು ಕಟ್ಟಿಕೊಂಡು ಹೋಗಬಹುದು?

ಕೊಡಚಾದ್ರಿ ದಾರಿ (ಹೊಸನಗರ)

ಪಾಸ್ ಬೇಡ. ರೋಮ್‌ನ ಒಂದು ಟಿಕೆಟ್ಟಿಗೆ 1.50 ಯೂರೋ, 100 ನಿಮಿಷ ನಡೆಯುತ್ತೆ. ಆ ಹೊತ್ತಿನಲ್ಲಿ ಬಸ್ಸು ಎಷ್ಟು ಬದಲಾಯಿಸಿದರೂ ಸರಿ, ಮೆಟ್ರೋ ಒಳಗೆ ಮಾತ್ರ ಒಂದೇ ಸಲ. ಹೊರಗೆ ಬಂದು ಮತ್ತೆ ಮೆಟ್ರೋ ಹತ್ತಿದರೆ ಹೊಸ ಟಿಕೆಟ್. ನಿಮಗೆ ಬೇಕಾಗೋದು ದಿನಕ್ಕೆ ಒಂದು, ಹೆಚ್ಚೆಂದರೆ ಎರಡು. ಕಾಂಟ್ಯಾಕ್ಟ್‌ಲೆಸ್ ಕಾರ್ಡನ್ನು ಗೇಟಿಗೆ ತೋರಿಸಿದರೂ ಅಷ್ಟೇ ಹಿಡಿಯುತ್ತೆ, ಆದರೆ ಒಬ್ಬೊಬ್ಬರಿಗೆ ಒಂದೊಂದು ಕಾರ್ಡ್ ಇರಲಿ. ಒಂದೇ ಕಾರ್ಡಲ್ಲಿ ಇಬ್ಬರೂ ಹೋಗೋಕೆ ನೋಡಿ ದಂಡ ಕಟ್ಟುವವರೇ ಜಾಸ್ತಿ. ಇಲ್ಲಿಂದ ಹೊರಡೋ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ವಿದೇಶಿ ವಹಿವಾಟು, ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ.

ಮುಖ್ಯವಾದದ್ದು ಇದು: ಟೆರ್ಮಿನಿ ಎತ್ತರದಲ್ಲಿದೆ, ಟೈಬರ್ ನದಿ ತಗ್ಗಿನಲ್ಲಿದೆ. ಬೆಳಿಗ್ಗೆ ಇಳಿಜಾರಿಗೆ ನಡೆಯಿರಿ, ಸಂಜೆ ಆ 1.50 ಕೊಟ್ಟು ಮೇಲೆ ಬನ್ನಿ. ಮಂಡಿಯ ಪ್ರಶ್ನೆ ಅಲ್ಲಿಗೇ ಮುಗೀತು. ಉಲ್ಟಾ ಮಾಡುವವರು ಮಧ್ಯಾಹ್ನಕ್ಕೇ ಸುಸ್ತಾಗಿ ಟ್ಯಾಕ್ಸಿ ಹಿಡೀತಾರೆ, ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತೆ.

ಶನಿವಾರ ಮಧ್ಯಾಹ್ನ: ಟೆರ್ಮಿನಿಯಿಂದ ಸಾಂತಾ ಮರಿಯಾ ಮಜ್ಜೋರೆ ಚರ್ಚು, 2025ರಲ್ಲಿ ತೀರಿಹೋದ ಪೋಪ್ ಫ್ರಾನ್ಸಿಸ್ ಸಮಾಧಿ ಇರೋದು ಇಲ್ಲೇ. ಅಲ್ಲಿಂದ ಸಾನ್ ಪಿಯೆತ್ರೋ ಇನ್ ವಿಂಕೋಲಿ, ಮೈಕೆಲ್ಯಾಂಜೆಲೋ ಕೆತ್ತಿದ ಮೋಸೆಸ್ ಇರುವ ಚರ್ಚು. ಅಲ್ಲಿಂದ ಕೆಳಗಿಳಿದರೆ ಎದುರಿಗೇ ಕೊಲೋಸಿಯಂ. ಸಂಜೆ ಕೊಲೋಸ್ಸಿಯೋ ಸ್ಟೇಷನ್ನಲ್ಲಿ ಮೆಟ್ರೋ ಬಿ ಹತ್ತಿದರೆ ಎರಡನೇ ನಿಲ್ದಾಣವೇ ಟೆರ್ಮಿನಿ.

ಸೋಮವಾರ: ಮೆಟ್ರೋ ಎ ಹಿಡಿದು ಫ್ಲಮೀನಿಯೋದಲ್ಲಿ ಇಳಿಯಿರಿ. ಪಿಯಾತ್ಸಾ ದೆಲ್ ಪೋಪೊಲೋ ಚೌಕದ ಮೂಲೆಯ ಸಾಂತಾ ಮರಿಯಾ ಚರ್ಚಿನಲ್ಲಿ ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜ್ಜೋನ ಎರಡು ಚಿತ್ರ. ಅಲ್ಲಿಂದ ಕೊರ್ಸೋ ರಸ್ತೆ ಸುಮಾರು ಒಂದೂವರೆ ಕಿಲೋಮೀಟರ್ ನೆಟ್ಟಗೆ, ಏರಿಲ್ಲ. ಎಡಕ್ಕೆ ಹೊರಳಿದರೆ ಟ್ರೆವಿ ಕಾರಂಜಿ, ಬಲಕ್ಕೆ ಪ್ಯಾಂಥಿಯನ್ ಅನ್ನೋ ಪುರಾತನ ದೇವಾಲಯ. ಪ್ಯಾಂಥಿಯನ್ ಹತ್ತಿರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿಯಲ್ಲಿ ಕಾರವಾಜ್ಜೋನ ಇನ್ನೂ ಮೂರು. ಐದೂ ಪುಕ್ಕಟೆ. ಚಿತ್ರ ಕತ್ತಲಲ್ಲಿದ್ದರೆ ಪಕ್ಕದ ಪೆಟ್ಟಿಗೆಗೆ ನಾಣ್ಯ ಹಾಕಿ, ಸ್ವಲ್ಪ ಹೊತ್ತು ದೀಪ ಹತ್ತುತ್ತೆ. ಜೇಬಲ್ಲಿ ಚಿಲ್ಲರೆ ಇಟ್ಟುಕೊಳ್ಳಿ.

ಇಲ್ಲಿ ಎಡವುವುದು ಸಮಯದಲ್ಲಿ. ಸಣ್ಣ ಚರ್ಚುಗಳು ಸುಮಾರು ಹನ್ನೆರಡೂವರೆಗೆ ಬಾಗಿಲು ಹಾಕಿದರೆ ಮತ್ತೆ ತೆಗೆಯೋದು ಮೂರು ನಾಲ್ಕಕ್ಕೆ. ಚರ್ಚು ಬೆಳಿಗ್ಗೆ, ಬಯಲು ಮಧ್ಯಾಹ್ನ ಅಂತ ಇಟ್ಟುಕೊಳ್ಳಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ.

ಮಂಗಳವಾರ: ಸೇಂಟ್ ಪೀಟರ್ಸ್ ಬೆಸಿಲಿಕಾ ಏಳು ಗಂಟೆಗೆ ತೆಗೆಯುತ್ತೆ, ಪ್ರವೇಶಕ್ಕೆ ದುಡ್ಡಿಲ್ಲ. ಏಳಕ್ಕೇ ಹೋಗಿ, ಒಂಬತ್ತರ ನಂತರ ತಪಾಸಣೆ ಸಾಲು ಚೌಕವನ್ನೇ ಸುತ್ತಿರುತ್ತೆ. ಗುಮ್ಮಟದ 551 ಮೆಟ್ಟಿಲು ಬಿಟ್ಟುಬಿಡಿ. ಆಮೇಲೆ ಸಾಂತಾಂಜೆಲೋ ಸೇತುವೆ, ನದಿ ದಂಡೆ, ನವೋನಾ ಚೌಕ. ಟೆರ್ಮಿನಿಯಿಂದ ವ್ಯಾಟಿಕನ್ ಕಡೆ ಹೋಗುವ 64ನೇ ನಂಬರ್ ಬಸ್ಸಲ್ಲಿ ಜೇಬುಗಳ್ಳರ ಕಾಟ ಹಳೇದು, ಬ್ಯಾಗು ಎದೆಗೆ ಹಾಕಿಕೊಳ್ಳಿ.

ಹೋಟೆಲ್‌ನವರು ನಗರ ತೆರಿಗೆ ಬೇರೆ ಕೇಳ್ತಾರೆ, ಅದು ಮೋಸ ಅಲ್ಲ. ತ್ರೀ ಸ್ಟಾರಿಗೆ ತಲೆಗೆ ರಾತ್ರಿಗೆ 6 ಯೂರೋ. ನಿಮಗೆ ನಾಲ್ಕು ರಾತ್ರಿಗೆ 48 ಆಯ್ತು, ಈಗಲೇ ಲೆಕ್ಕಕ್ಕೆ ಸೇರಿಸಿ.

ಅಪ್ಪೆಮಿಡಿ (ಸಾಗರ)

ಊಟದ ವಿಷಯ ನಾನು ಹೇಳ್ತೀನಿ. *ಪಿತ್ಸಾ ಅಲ್ ತಾಲ್ಯೋ* ಅಂತ ಬೋರ್ಡ್ ಹುಡುಕಿ: ದೊಡ್ಡ ತಟ್ಟೆಯ ಪಿಜ್ಜಾ, ಕತ್ತರಿಸಿ ತೂಕಕ್ಕೆ ಕೊಡ್ತಾರೆ. ಎಷ್ಟು ಬೇಕು ಅಂತ ಕೈಯಲ್ಲಿ ಅಳತೆ ತೋರಿಸಿದರೆ ಸಾಕು. ಬೋರ್ಡಿನ ಬೆಲೆ ಕೆಲವೆಡೆ ಕಿಲೋಗೆ, ಕೆಲವೆಡೆ 'ಎತ್ತೋ' ಅಂದರೆ 100 ಗ್ರಾಮಿಗೆ. ಅದನ್ನು ನೋಡದೆ ಬೆಲೆ ಕಂಡು ಹಿಗ್ಗಬೇಡಿ. 'ರೋಸ್ಸಾ' ಅಂದರೆ ಬರೀ ಟೊಮೆಟೊ, 'ಮರಿನಾರಾ' ಅಂದರೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೋ.

ಪಾಸ್ತಾದಲ್ಲಿ ಒಣ ಸ್ಪಗೆತ್ತಿಗೆ ಮೊಟ್ಟೆ ಇರಲ್ಲ, ಹಸಿ ಫೆತ್ತುಚೀನೆಗೆ ಸಾಮಾನ್ಯವಾಗಿ ಇರುತ್ತೆ. ಕಾರ್ಬೊನಾರಾದಲ್ಲಿ ಮೊಟ್ಟೆಯೂ ಹಂದಿಮಾಂಸವೂ ಇದೆ. ಸುಪ್ಲೀ ನೋಡೋಕೆ ನಮ್ಮ ಬೋಂಡದ ಹಾಗೆ, ಒಳಗಿನ ಅನ್ನಕ್ಕೆ ಹೆಚ್ಚಾಗಿ ಮಾಂಸದ ಸಾರು ಸೇರಿರುತ್ತೆ. ಕಾಚೋ ಎ ಪೇಪೆ ಅಂದರೆ ಚೀಸು, ಕಾಳುಮೆಣಸು ಅಷ್ಟೇ. ಆದರೆ ಅದರ ಪೆಕೊರೀನೋ ರೊಮಾನೋ ಚೀಸಿಗೆ ಹಾಲು ಒಡೆಸೋದು ಕುರಿಮರಿಯ ಹೊಟ್ಟೆಯಿಂದ ತೆಗೆದ ಹೆಪ್ಪಿನಲ್ಲಿ. ಕಟ್ಟುನಿಟ್ಟಿನವರು ಇದನ್ನು ತಿಳಿದು ನಿರ್ಧರಿಸಿ. 'ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ, ಸೆಂತ್ಸಾ ಉವೊವಾ' – ಮಾಂಸ, ಮೀನು, ಮೊಟ್ಟೆ ಬೇಡ ಅಂತ. ಚೀಟಿಯಲ್ಲಿ ಬರೆಸಿಟ್ಟುಕೊಂಡರೆ ಇನ್ನೂ ಒಳ್ಳೇದು.

ಕಾಫಿ ನಿಂತೇ ಕುಡೀರಿ. ಕೂತರೆ ಬೆಲೆ ಬೇರೆ, ಚೌಕದ ಮೇಜಾದರೆ ಎರಡು ಮೂರು ಪಟ್ಟು.

ಕಟ್ಟಿಕೊಂಡು ಹೋಗೋದು: ಚಟ್ನಿಪುಡಿ, ಅವಲಕ್ಕಿ, ಮಿಡಿ ಉಪ್ಪಿನಕಾಯಿ ಸರಿ (ಉಪ್ಪಿನಕಾಯಿ ಚೆಕ್-ಇನ್ ಬ್ಯಾಗಿಗೆ, ಎರಡು ಕವರ್ ಸುತ್ತಿ). ತುಪ್ಪ, ಪೇಡ, ಹಾಲಿನ ಯಾವುದೂ ಬೇಡ. ಹೊರದೇಶದ ಪ್ರಯಾಣಿಕರು ಹಾಲು, ಮಾಂಸದ ಪದಾರ್ಥ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವು, ವೀಳ್ಯದೆಲೆಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳ್ತಾರೆ, ಬಿಡಿ. ಅನ್ನ, ಬೇಳೆ, ತರಕಾರಿ ಬೇಕಂದ್ರೆ ಟೆರ್ಮಿನಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಎಸ್ಕ್ವಿಲೀನೋ ಮಾರ್ಕೆಟ್ಟಿದೆ. ಬೆಳಿಗ್ಗೆ ಹೋಗಿ, ಭಾನುವಾರ ರಜೆ.

ತುಂಗಾತೀರ

ತುಂಬಾ ಉಪಕಾರ ಆಯ್ತು. ಇನ್ನು ಭಾನುವಾರ? ತಿಂಗಳ ಮೊದಲ ಭಾನುವಾರ ಕೊಲೋಸಿಯಂ ಉಚಿತ ಅಂತ ಕೇಳಿದೆ. ಮತ್ತೆ ನೀರು, ಮಳೆ?

ಮಂಡಗದ್ದೆ ಹಕ್ಕಿ (ತೀರ್ಥಹಳ್ಳಿ)

ಉಚಿತ ಹೌದು, ಆದರೆ ಆ ದಿನ ಮುಂಗಡ ಬುಕಿಂಗ್ ಇಲ್ಲ, ಟಿಕೆಟ್ ಅಲ್ಲೇ ತಗೋಬೇಕು, ಸಾಲು ಗಂಟೆಗಟ್ಟಲೆ. ಒಳಗೆ ಹೋಗಲೇಬೇಕಂದ್ರೆ ಸೋಮವಾರಕ್ಕೋ ಮಂಗಳವಾರಕ್ಕೋ 18 ಯೂರೋ ಟಿಕೆಟ್ ತಗೊಳ್ಳಿ. ಪಕ್ಕದಲ್ಲೇ ಇರುವ ಹಳೇ ರೋಮ್‌ನ ಅವಶೇಷಗಳು, ಅಂದರೆ ಫೋರಮ್, ಪಾಲಟೈನ್ ಗುಡ್ಡ, ಅದರಲ್ಲೇ ಸೇರಿದೆ. ಅಧಿಕೃತ ಜಾಲತಾಣದಲ್ಲಿ 30 ದಿನ ಮುಂಚೆ ಬಿಡ್ತಾರೆ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಬೇಕು, ಗೇಟಲ್ಲಿ ತಾಳೆ ನೋಡ್ತಾರೆ.

ಉಚಿತ ಭಾನುವಾರವನ್ನು ಟೆರ್ಮಿನಿ ಎದುರಿನ ಪಲಾತ್ಸೋ ಮಾಸ್ಸಿಮೋ ಮ್ಯೂಸಿಯಂಗೆ ಖರ್ಚು ಮಾಡಿ, ತೆರೆದಿದೆಯೇ ಅಂತ ಹಿಂದಿನ ದಿನ ನೋಡಿಕೊಳ್ಳಿ. ಅಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾಳ ಮನೆಯ ತೋಟದ ಚಿತ್ರ ಅಲ್ಲಿದೆ, ಇಡೀ ಕೋಣೆ ನಾಲ್ಕೂ ಗೋಡೆಗೆ ಹಣ್ಣಿನ ಗಿಡ, ಹಕ್ಕಿ, ದಾಳಿಂಬೆ. ತೋಟದ ಊರಿನವರು ಅದನ್ನು ಬಿಟ್ಟು ಬರಬಾರದು. ಮಧ್ಯಾಹ್ನ ಫೋರಿ ಇಂಪೆರಿಯಾಲಿ ರಸ್ತೆಗೆ ಇಳಿಯಿರಿ. ಭಾನುವಾರ ವಾಹನ ಬಿಡಲ್ಲ, ನಡು ರಸ್ತೆಯಲ್ಲೇ ನಡೀಬಹುದು. ಕೊನೆಗೆ ಕಾಂಪಿದೋಲ್ಯೋ ಚೌಕದ ಹಿಂಬದಿಗೆ ಹೋಗಿ ನಿಂತರೆ ಇಡೀ ಫೋರಮ್ ಕಾಲ ಕೆಳಗೆ ಕಾಣುತ್ತೆ, ಪುಕ್ಕಟೆ.

ನೀರು ಕೊಳ್ಳಬೇಡಿ. ಊರ ತುಂಬ ಸುಮಾರು 2,500 ಬೀದಿ ನಲ್ಲಿಗಳಿವೆ, 'ನಸೋನೆ' ಅಂತಾರೆ, ದೊಡ್ಡ ಮೂಗು ಅಂತ ಅರ್ಥ. ಎದೆಮಟ್ಟದ ಎರಕದ ಕಬ್ಬಿಣದ ಕಂಬ, ಬಾಗಿದ ಕೊಳವೆಯಿಂದ ಹಗಲು ರಾತ್ರಿ ನೀರು ಸುರೀತಾನೇ ಇರುತ್ತೆ. ಕೊಳವೆ ಬಾಯಿಗೆ ಬೆರಳು ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿಂದ ನೀರು ಕಾರಂಜಿ ಹಾಗೆ ಚಿಮ್ಮುತ್ತೆ, ಬಗ್ಗದೆ ಕುಡೀಬಹುದು. ಕುಡಿಯುವ ನೀರೇ, ತಣ್ಣಗಿರುತ್ತೆ. ಸುಣ್ಣದ ಅಂಶ ಹೆಚ್ಚು, ರುಚಿ ನಮ್ಮ ಬಾವಿ ನೀರಿನ ಹಾಗಿರಲ್ಲ. ಅರ್ಧ ಲೀಟರಿನ ಬಾಟಲಿ ಒಂದೊಂದು ಸಾಕು, ಭಾರ ಹೊರಬೇಡಿ.

ಮಳೆ ಅಕ್ಟೋಬರ್‌ನಲ್ಲಿ ಬರಬಹುದು. ಹಳೇ ಬೀದಿಗಳಿಗೆಲ್ಲ ಸಾಂಪಿಯೆತ್ರೀನಿ ಅನ್ನೋ ಕರಿಕಲ್ಲಿನ ತುಂಡು ಹಾಸಿರೋದು, ಸವೆದು ನುಣುಪಾಗಿದೆ. ಒದ್ದೆಯಾದರೆ ನಮ್ಮ ಅಂಗಳದ ಪಾಚಿಗಟ್ಟಿದ ಕಲ್ಲೇ ಸೈ. ಸಂದಿಯಲ್ಲಿ ಪಾದ ಹೊರಳುತ್ತೆ, ಹಾಗಾಗಿ ತೆಳು ಅಟ್ಟೆಯ ಚಪ್ಪಲಿ ಬೇಡ. ದಪ್ಪ ರಬ್ಬರ್ ಅಟ್ಟೆಯ ಶೂ ತಗೊಂಡು, ಹೋಗೋ ಮುಂಚೆ ಮೂರು ವಾರ ಇಲ್ಲೇ ಹಾಕಿ ನಡೆದು ಪಳಗಿಸಿ. ಹೊಸ ಶೂ ನೇರ ಅಲ್ಲಿ ಹಾಕಿದರೆ ಎರಡನೇ ದಿನಕ್ಕೇ ಬೊಕ್ಕೆ ಏಳುತ್ತೆ.

ಮಳೆ ಹಿಡಿದರೆ ಪ್ಯಾಂಥಿಯನ್‌ಗೆ ಹೋಗಿ, 5 ಯೂರೋ. ಗುಮ್ಮಟದ ನೆತ್ತಿಯಲ್ಲಿ ಸುಮಾರು 9 ಮೀಟರ್ ಅಗಲದ ಬಾಯಿ ತೆರೆದೇ ಇದೆ, ಮಳೆ ನೇರ ಒಳಗೆ ಬೀಳುತ್ತೆ. ನೆಲ ಸ್ವಲ್ಪ ಉಬ್ಬಿಸಿ, ಹಾಸುಗಲ್ಲಲ್ಲಿ ಸಣ್ಣ ತೂತು ಕೊರೆದಿದ್ದಾರೆ, ನೀರು ಅದರಲ್ಲೇ ಇಳಿದುಹೋಗುತ್ತೆ. ನಡುವೆ ನಿಂತು ಕೆಳಗೆ ನೋಡಿ, ತೂತುಗಳು ಕಾಣಿಸ್ತವೆ.