ಬಟನ್ ಚಾಕು ಇಟ್ಟುಕೊಳ್ಳಬಹುದಾ? ಅನುಭವ ಇದ್ದವರು ಹೇಳಿ

ಬೆಟ್ಟದ ಹುಚ್ಚ:
ಬೆಂಗಳೂರಿನಲ್ಲಿದ್ದೇನೆ, ತಿಂಗಳಿಗೊಮ್ಮೆ ಚಾರಣಕ್ಕೆ ಹೋಗುತ್ತೇನೆ. ಟೆಕ್ಸಾಸ್‌ನಲ್ಲಿರುವ ನಮ್ಮ ಭಾವ ದೀಪಾವಳಿಗೆ ಬರುವಾಗ ಆಟೋಮ್ಯಾಟಿಕ್ ಚಾಕು ತಂದುಕೊಡುತ್ತೇನೆ ಎಂದಿದ್ದಾರೆ. ಬಟನ್ ಒತ್ತಿದರೆ ಟಕ್ ಅಂತ ಅಲಗು ಹೊರಗೆ ಬರುತ್ತಲ್ಲ, ಅದು. ಅಲಗು ಮೂರೂವರೆ ಇಂಚು. ಅಲ್ಲಿ 2013ರಿಂದ ಅದಕ್ಕೆ ಅಡ್ಡಿ ಇಲ್ಲ. ಇಲ್ಲಿ ಹೇಗೆ? ಒಬ್ಬ ಗೆಳೆಯ ಒಂಬತ್ತು ಇಂಚಿನ ಒಳಗಿದ್ದರೆ ಏನೂ ಆಗಲ್ಲ ಅಂತಾನೆ, ಇನ್ನೊಬ್ಬ ಸೀದಾ ಜೈಲು ಅಂತಾನೆ. ಯಾರಾದರೂ ಇಟ್ಟುಕೊಂಡು ನೋಡಿದ್ದೀರಾ?

ಕರಿಕೋಟು:
ನಿಮ್ಮ ಗೆಳೆಯರಿಬ್ಬರದೂ ಅರ್ಧರ್ಧ ಸರಿ. ಒಂಬತ್ತು ಇಂಚಿನ ಮಾತು ಬಂದಿರುವುದು ಆರ್ಮ್ಸ್ ರೂಲ್ಸ್‌ನಿಂದ. ಮೊದಲು 1962ರದ್ದಿತ್ತು, ಈಗ 2016ರದ್ದು. ಅಲಗು 9 ಇಂಚಿಗಿಂತ ಉದ್ದ ಇದ್ದರೆ, ಇಲ್ಲವೇ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧದ ಪಟ್ಟಿಗೆ ಸೇರುತ್ತದೆ. ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆ ಅಂತ ಮಾಡಿದ್ದಕ್ಕೆ ವಿನಾಯಿತಿ. ಅದಕ್ಕೇ ನಿಮ್ಮಮ್ಮನ ಈಳಿಗೆಮಣೆಯನ್ನು ಯಾರೂ ಕೇಳುವುದಿಲ್ಲ.

ಆದರೆ ಕಥೆ ಅಲ್ಲಿಗೆ ಮುಗಿಯಲ್ಲ. 1959ರ ಆರ್ಮ್ಸ್ ಆಕ್ಟ್‌ನ 4ನೇ ಸೆಕ್ಷನ್ ಇದೆ. ಒಂದು ಪ್ರದೇಶಕ್ಕೆ ಮಾತ್ರ ಅನ್ವಯಿಸುವ ಹಾಗೆ ಅಧಿಸೂಚನೆ ಹೊರಡಿಸಿ ಚಿಕ್ಕ ಆಯುಧಗಳಿಗೂ ಲೈಸೆನ್ಸ್ ಬೇಕು ಅನ್ನಬಹುದು. ದೆಹಲಿಯಲ್ಲಿ 1980ರಲ್ಲಿ ಹಾಗೇ ಮಾಡಿದರು. ಸ್ಪ್ರಿಂಗ್, ಬಟನ್, ಗರಾರಿ (ತೆಗೆಯುವಾಗ ಹಲ್ಲು ಹಲ್ಲಾಗಿ ಕಚ್ಚಿಕೊಳ್ಳುವ) ಚಾಕುಗಳಿಗೆ ಅಲ್ಲಿ ಗೆರೆ ಎಳೆದಿರುವುದು 7.62 ಸೆಂಟಿಮೀಟರ್ ಉದ್ದಕ್ಕೆ, 1.72 ಸೆಂಟಿಮೀಟರ್ ಅಗಲಕ್ಕೆ. ನಿಮ್ಮ ಮೂರೂವರೆ ಇಂಚು ಅಂದರೆ ಸುಮಾರು 8.9 ಸೆಂಟಿಮೀಟರ್, ಆ ಗೆರೆ ದಾಟಿತು. 2025ರಲ್ಲಿ ಸುಪ್ರೀಂ ಕೋರ್ಟ್ ಇಂಥದೊಂದು ದೆಹಲಿಯ ಬಟನ್ ಚಾಕು ಕೇಸನ್ನು ರದ್ದು ಮಾಡಿತು. ಆ ಅಧಿಸೂಚನೆ ಇರುವುದು ತಯಾರಿಕೆ, ಮಾರಾಟದಂಥದ್ದಕ್ಕೆ. ಸುಮ್ನೆ ಜೇಬಿನಲ್ಲಿತ್ತು ಅಂದರೆ ಸಾಲದು ಎಂಬ ಕಾರಣಕ್ಕೆ. ಸಂತೋಷವೇ. ಆದರೆ ಸುಪ್ರೀಂ ಕೋರ್ಟ್ ತನಕ ಹೋಗಿ ಗೆಲ್ಲುವಷ್ಟು ಪುರುಸೊತ್ತು ನಿಮಗಿದೆಯಾ?

ಇನ್ನೊಂದು. ಚುನಾವಣೆ, ಮೆರವಣಿಗೆ, ಗಲಾಟೆ ಸಮಯದಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಳಗೆ ಚಾಕು, ದೊಣ್ಣೆ ಹಿಡಿದು ಓಡಾಡಬಾರದು ಅಂತ ಆದೇಶ ಬರುತ್ತದೆ. ಆಗ ಇಂಚಿನ ಲೆಕ್ಕ ಯಾರೂ ಕೇಳಲ್ಲ.

ರೈಲು ಬೋಗಿ:
ನನ್ನ ಕಥೆ ಕೇಳಿ. ಗೆಳೆಯನ ಮದುವೆಗೆ ಉತ್ತರ ಪ್ರದೇಶದ ರಾಂಪುರಕ್ಕೆ ಹೋಗಿದ್ದೆ. ರಾಂಪುರಿ ಚಾಕು ಅಂದರೆ ಆ ಊರಿನದೇ. ಈಗಂತೂ ಅಲ್ಲಿ ಚೌಕದಲ್ಲೇ 20 ಅಡಿಯ ಚಾಕು ನಿಲ್ಲಿಸಿದ್ದಾರೆ. ನೆನಪಿಗೆ ಇರಲಿ ಅಂತ ಚಿಕ್ಕದೊಂದು ತಗೊಂಡೆ, ಹಿತ್ತಾಳೆ ಹಿಡಿ, ತೆಗೆಯುವಾಗ ಕರ್‌ಕರ್ ಅಂತ ಸದ್ದು. ವಾಪಸ್ ಬರುವಾಗ ದೆಹಲಿಯ ಒಂದು ಮೆಟ್ರೋ ಸ್ಟೇಷನ್‌ನಲ್ಲಿ ಬ್ಯಾಗು ಸ್ಕ್ಯಾನರ್ ಒಳಗೆ ಹೋಯಿತು, ಈಚೆಗೆ ಬರಲೇ ಇಲ್ಲ. ಒಬ್ಬರು ಡ್ರಾಯರಿನಿಂದ ಮಕ್ಕಳ ಪ್ಲಾಸ್ಟಿಕ್ ಸ್ಕೇಲ್ ತೆಗೆದು ಅಲಗಿಗೆ ಹಿಡಿದು ಎರಡು ಸಲ ಅಳೆದರು. ನಾಲ್ಕು ಗಂಟೆ ಕೂರಿಸಿದರು. ಮದುವೆ ಕಾರ್ಡ್, ರೈಲು ಟಿಕೆಟ್, ಆಫೀಸಿನ ಐಡಿ ಎಲ್ಲ ತೋರಿಸಿದ ಮೇಲೆ ಬೈದು ಕಳಿಸಿದರು. ಚಾಕು ಅಲ್ಲೇ ಉಳಿಯಿತು, ರಸೀದಿ ಗಿಸೀದಿ ಏನೂ ಇಲ್ಲ. ಕೇಳುವ ಧೈರ್ಯವೂ ಇರಲಿಲ್ಲ ಬಿಡಿ. ನನ್ನ ರೈಲು ಅಷ್ಟರಲ್ಲಿ ಮಥುರಾ ದಾಟಿತ್ತು.

ಲಂಡನ್ ಚಳಿ:
ಭಾವ ಬರುವ ವಿಮಾನ ಲಂಡನ್ ಮೇಲೆ ಬಂದು, ಒಂದೆರಡು ದಿನ ಇಳಿದು ಊರು ನೋಡುವ ಪ್ಲಾನ್ ಇದ್ದರೆ ಖಂಡಿತ ಬೇಡ ಅನ್ನಿ. ಇಲ್ಲಿ ಫ್ಲಿಕ್ ನೈಫ್ (ಬಟನ್ ಚಾಕುವಿಗೆ ಇಲ್ಲಿನ ಹೆಸರು) ಮಾರುವುದು, ಹೊರಗಿನಿಂದ ತರುವುದು 1959ರಿಂದಲೇ ನಿಷಿದ್ಧ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2021ರ ಜುಲೈಯಿಂದ ಮನೆಯೊಳಗೆ ಇಟ್ಟುಕೊಂಡರೂ ಅಪರಾಧ. ನಮ್ಮ ಬಾಡಿಗೆ ಮನೆಯ ಅಟ್ಟದಲ್ಲಿ ಹಿಂದಿನವರು ಬಿಟ್ಟುಹೋದ ಒಂದು ಸಿಕ್ಕಿತು. ಹೆಂಡತಿ ಕಸದ ಬುಟ್ಟಿಗೆ ಹಾಕಿ ಅಂದಳು. ನಾನು 101ಕ್ಕೆ (ತುರ್ತಲ್ಲದ ವಿಷಯಕ್ಕೆ ಇಲ್ಲಿನ ಪೊಲೀಸರ ನಂಬರ್) ಫೋನ್ ಮಾಡಿ ಕೇಳಿದೆ, ಸುತ್ತಿ ಡಬ್ಬಿಯಲ್ಲಿಟ್ಟು ಠಾಣೆಗೆ ತನ್ನಿ ಅಂದರು. ಮೊದಲು ಫೋನ್ ಮಾಡಿದ್ದೇ ಒಳ್ಳೆಯದಾಯಿತು, ದಾರಿಯಲ್ಲಿ ಹಿಡಿದಿದ್ದರೆ ಅಟ್ಟದ ಕಥೆ ಯಾರು ನಂಬ್ತಾರೆ? ಈಗ ನನ್ನ ಹತ್ತಿರ ಇರುವುದು ಲಾಕ್ ಇಲ್ಲದ ಮಡಚುವ ಪುಟ್ಟ ಚಾಕು. ಅಲಗು 3 ಇಂಚು ಮೀರದಿದ್ದರೆ ಅದನ್ನು ಜೇಬಿನಲ್ಲಿಟ್ಟುಕೊಳ್ಳಬಹುದು. ಸೇಬು ಹೆಚ್ಚೋಕೆ ಸಾಕು.

ಅಡಿಕೆ ತೋಟ:
ಕಾನೂನು ಆಚೆಗಿರಲಿ ಮಾರಾಯ್ರೆ, ಕಾಡಿನಲ್ಲಿ ಅದು ಕೆಲಸಕ್ಕೆ ಬರುತ್ತಾ ಅಂತ ಕೇಳಿ. ದುಬೈಯಿಂದ ಬಂದ ತಮ್ಮ ನನಗೊಂದು ಕೊಟ್ಟಿದ್ದ. ಮೊದಲ ವಾರ ಊರಿಗೆಲ್ಲ ಟಕ್ ಟಕ್ ಮಾಡಿ ತೋರಿಸಿದೆ. ಎರಡನೇ ವಾರ ಅದರಲ್ಲಿ ಹಲಸಿನಕಾಯಿ ಕೊಯ್ದೆ. ಮೇಣ ಅಲಗಿನ ಬುಡಕ್ಕೆ ಇಳಿದು ಸ್ಪ್ರಿಂಗ್ ಕಚ್ಚಿಕೊಂಡಿತು. ಬಟನ್ ಒತ್ತಿದರೆ ಅಲಗು ಅರ್ಧ ಬಂದು ನಿಲ್ಲುತ್ತಿತ್ತು, ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕೊಬ್ಬರಿ ಎಣ್ಣೆ ಹಚ್ಚಿ, ಹಳೆ ಟೂತ್‌ಬ್ರಶ್ಶಿನಲ್ಲಿ ಉಜ್ಜಿ ಸರಿ ಮಾಡಿದೆ. ಆಮೇಲೆ ಅದು ಎಷ್ಟು ಸಡಿಲ ಆಯಿತೆಂದರೆ, ಬೈಕ್ ಹತ್ತುವಾಗ ಜೇಬಿನಲ್ಲೇ ಬಿಚ್ಚಿಕೊಂಡು ಪ್ಯಾಂಟು ಹರಿದು ತೊಡೆಗೆ ಮೂರು ಹೊಲಿಗೆ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಯಾರು ಚುಚ್ಚಿದ್ದು?

ಈಗ ನಮ್ಮ ಕಮ್ಮಾರ ಮಾಡಿಕೊಟ್ಟ ನಾಲ್ಕಿಂಚಿನ ಚೂರಿ ಇದೆ, ಚರ್ಮದ ಒರೆ, ಹಲಸಿನ ಮರದ್ದೇ ಹಿಡಿ. ತೋಟಕ್ಕೆ ಹೋಗುವಾಗ ಸೊಂಟದಲ್ಲಿರುತ್ತದೆ, ಪೇಟೆಗೆ ಹೋಗುವಾಗ ಜಗಲಿಯ ಗೂಟದಲ್ಲಿ ನೇತಾಡುತ್ತದೆ.

ಮಡಿಕೇರಿ ಮಂಜು:
ನಮ್ಮ ಕಡೆ ಕೊಡವರಿಗೆ ಕೋವಿಗೇ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ಪೀಚೆಕತ್ತಿ (ನಮ್ಮ ಸಾಂಪ್ರದಾಯಿಕ ಕಠಾರಿ) ಸೊಂಟಕ್ಕೆ ಸಿಕ್ಕಿಸಿಕೊಂಡೇ ಮದುವೆಗೆ ನಿಲ್ಲುತ್ತೇವೆ. ಆದರೂ ನಮ್ಮ ಮಾವ ಮದುವೆ ಮುಗಿಸಿ ಮುಂಬೈಗೆ ಹೋಗುವಾಗ ಅದನ್ನು ಕೈಚೀಲದಲ್ಲೇ ಮರೆತು ವಿಮಾನ ನಿಲ್ದಾಣಕ್ಕೆ ಹೋದರು. ಸಂಪ್ರದಾಯ ಅಂತ ಎಷ್ಟು ಹೇಳಿದರೂ ಅಲ್ಲಿನ ತಪಾಸಣೆಯವರು ಕೇಳಲಿಲ್ಲ. ಹಾಗಾಗಿ ಭಾವನಿಗೆ ಹೇಳಿ, ಏನೇ ತಂದರೂ ಚೆಕ್-ಇನ್ ಬ್ಯಾಗಿನಲ್ಲಿರಲಿ.

ಕರಿಕೋಟು:
ಚೆಕ್-ಇನ್ ಬ್ಯಾಗಿನಲ್ಲಿಟ್ಟರೂ ಇಲ್ಲಿ ಇಳಿದ ಮೇಲೆ ಕಸ್ಟಮ್ಸ್ ಇದೆ ಸ್ವಾಮಿ. ಇದು ಆಯುಧ ಅಂತ ಅವರು ಹೇಳಿಬಿಟ್ಟರೆ, ಹೊರದೇಶದಿಂದ ಆಯುಧ ತರುವುದಕ್ಕೇ ಬೇರೆ ಲೈಸೆನ್ಸ್ ಬೇಕು. ಆಯುಧ ಹೌದೋ ಅಲ್ಲವೋ ಅಂತ ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ವಾದ ಮಾಡಬೇಕಾದವರು ನೀವಲ್ಲ, ಪಾಪ ನಿಮ್ಮ ಭಾವ.

ಬೆಟ್ಟದ ಹುಚ್ಚ:
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಫೋನ್ ಮಾಡಿ ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರು, ಆಗಲೇ ದುಡ್ಡು ಕೊಟ್ಟು ತಗೊಂಡಿದ್ದಾರಂತೆ. ಅಲ್ಲೇ ನೀವೇ ಇಟ್ಟುಕೊಳ್ಳಿ, ನನಗೆ ಒಂದು ಒಳ್ಳೆ ಹೆಡ್‌ಲ್ಯಾಂಪ್ ತನ್ನಿ ಅಂದೆ. ಅಡಿಕೆ ತೋಟದವರೇ, ಆ ಕಮ್ಮಾರರು ಯಾವ ಊರು?

ಅಡಿಕೆ ತೋಟ:
ಸಾಗರದ ಹತ್ತಿರ. ಮಳೆ ಬಿಟ್ಟ ಮೇಲೆ ಬನ್ನಿ, ಈಗ ಅವರು ಕತ್ತಿ, ಕುಡುಗೋಲು ಹದ ಮಾಡುವುದರಲ್ಲೇ ಬ್ಯುಸಿ. ಹಲಸಿನ ಮರದ ಹಿಡಿ ಬೇಕು ಅಂದರೆ ಈಗಲೇ ಹೇಳಿ, ತುಂಡು ಒಣಗೋಕೆ ಇಟ್ಟಿರುತ್ತೇನೆ.