ಹಿತ್ತಲಿನ ಚೇತಕ್, ಶೆಡ್ಡಿನ ಮಾರುತಿ: ಮೇಸ್ತ್ರಿಗಳಿಗೆ ಪ್ರಶ್ನೆ

ಪ್ರಶ್ನೆ (ಸಾಗರದ ಶಿಕ್ಷಕಿ): ಮೇಸ್ತ್ರಿಗಳೇ, ನಮಸ್ಕಾರ. ನಮ್ಮ ಮನೆಯಲ್ಲಿ ಅಪ್ಪನ 1988ರ ಬಜಾಜ್ ಚೇತಕ್ ಇದೆ. ಅಪ್ಪನಿಗೆ ಮಂಡಿನೋವು ಶುರುವಾದಾಗಿನಿಂದ ಕೊಟ್ಟಿಗೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತಿದೆ. ಮೂರು ಮಳೆಗಾಲ ಕಳೆದವು. ಕಿಕ್ಕರ್ ಒದ್ದರೆ ಎಂಜಿನ್ ತಿರುಗುತ್ತದೆ, ಆದರೆ ಒಂದು ಸಲವೂ ಕೆಮ್ಮುವುದಿಲ್ಲ. ಇಲ್ಲಿನ ಗ್ಯಾರೇಜಿನವರು ನೋಡಿ, ಎಂಜಿನ್ ಇಳಿಸಿ ಬೋರಿಂಗ್ ಮಾಡಿಸಿ, ಇಲ್ಲವಾದರೆ ಗುಜರಿಗೆ ಕೊಡಿ ಎಂದರು. ಅಪ್ಪನಿಗೆ ಎರಡೂ ಬೇಡ. ಮನೆಯಲ್ಲಿ ಸ್ಪಾನರ್ ಸೆಟ್, ಪ್ಲಗ್ ಸ್ಪಾನರ್, ಸ್ಕ್ರೂಡ್ರೈವರ್ ಇವೆ. ನಾನೇ ಏನಾದರೂ ಮಾಡಬಹುದೇ?

ಉತ್ತರ: ಮಾಡಬಹುದು ಮೇಡಂ. ಎಂಜಿನ್ ಇಳಿಸುವ ಮಾತು ಈಗಲೇ ಬೇಡ. ಸ್ಟಾರ್ಟ್ ಆಗದ ಗಾಡಿಗೆ ಬೋರಿಂಗ್ (ಸವೆದ ಸಿಲಿಂಡರನ್ನು ಕೊರೆದು ಹಿಗ್ಗಿಸುವುದು) ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಬೋರ್ ಸವೆಯುವುದು ಓಡಿದ ಗಾಡಿಯಲ್ಲಿ. ನಿಂತ ಗಾಡಿಯಲ್ಲಿ ಕೆಡುವುದು ಬೇರೆ: ಪೆಟ್ರೋಲ್ ಹಳಸುತ್ತದೆ, ಟ್ಯಾಂಕ್ ತುಕ್ಕು ಹಿಡಿಯುತ್ತದೆ, ಪಾಯಿಂಟಿಗೆ (ಪ್ಲಗ್ಗಿನ ಕಿಡಿಗಾಗಿ ಕರೆಂಟನ್ನು ಕೂಡಿಸಿ ಬಿಡುವ ಪುಟ್ಟ ಸ್ವಿಚ್ಚಿಗೆ) ಕಿಲುಬು ಕಟ್ಟುತ್ತದೆ, ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ. ಈ ನಾಲ್ಕರಲ್ಲಿ ಮೂರನ್ನು ನೀವು ಅಂಗಳದಲ್ಲಿಯೇ ಸರಿಪಡಿಸಬಹುದು.

ಮೊದಲು ಕಿಕ್ ಹೊಡೆಯುವುದನ್ನು ನಿಲ್ಲಿಸಿ. ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ಒಂದೆರಡು ಚಮಚ 2ಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಕಲಸುವ ಎಣ್ಣೆ) ಬಿಟ್ಟು ಒಂದು ರಾತ್ರಿ ಹಾಗೆಯೇ ಇಡಿ. ಸಿಲಿಂಡರಿನ ಗೋಡೆಗೆ ತೆಳುವಾಗಿ ತುಕ್ಕು ಬಂದಿದ್ದರೆ, ಒಣಗಿದ ಪಿಸ್ಟನ್ ರಿಂಗು ಅದರ ಮೇಲೆ ಉಜ್ಜಿ ಗೀರುತ್ತದೆ. ಗ್ಯಾರೇಜಿನವರು ಹೇಳಿದ ಬೋರಿಂಗ್ ಆಗ ನಿಜವಾಗಿಯೂ ಬೇಕಾಗುತ್ತದೆ. ಮರುದಿನ ಪ್ಲಗ್ ಹಾಕದೆಯೇ ಕೈಯಿಂದ ನಿಧಾನವಾಗಿ ಕಿಕ್ಕರ್ ಒತ್ತಿ ತಿರುಗಿಸಿ.

ಆಮೇಲೆ ಟ್ಯಾಂಕಿನ ಪೆಟ್ರೋಲನ್ನು ಬಾಟಲಿಗೆ ಇಳಿಸಿ ಮೂಸಿ ನೋಡಿ. ವಾರ್ನಿಷ್ ವಾಸನೆ ಬಂದರೆ ಅದು ಎಂಜಿನ್ನಿಗೆ ಬೇಡ. ಬಾಟಲಿಯ ತಳದಲ್ಲಿ ನೀರಿನ ಹನಿ, ಕೆಂಪು ಪುಡಿ ಕಂಡರೆ ಟ್ಯಾಂಕನ್ನೂ ತೊಳೆಯಬೇಕು. ಹಳೆಯ ಪೆಟ್ರೋಲನ್ನು ಚರಂಡಿಗೆ ಸುರಿಯಬೇಡಿ, ಬಾವಿಯ ಹತ್ತಿರವಂತೂ ಬೇಡವೇ ಬೇಡ.

ಕಾರ್ಬುರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲಿಯೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಜೆಟ್‌ಗಳನ್ನು (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತಿರುಪುಗಳನ್ನು) ಹೊಸ ಪೆಟ್ರೋಲಿನಲ್ಲಿ ನೆನೆಸಿ, ಸೈಕಲ್ ಪಂಪಿನಿಂದ ಗಾಳಿ ಊದಿ. ಸೂಜಿ, ಪಿನ್ನು, ತಂತಿ ತೂರಿಸಬೇಡಿ. ಜೆಟ್ ಹಿತ್ತಾಳೆಯದು, ಮೆತ್ತಗಿನ ಲೋಹ. ರಂಧ್ರ ಕೂದಲಿನಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಇಷ್ಟಾದ ಮೇಲೆ ಕರೆಂಟ್ ನೋಡೋಣ.

ಪ್ರಶ್ನೆ (ಅದೇ ಸದಸ್ಯೆ): ಹೇಳಿದಂತೆ ಮಾಡಿದೆ. ಪೆಟ್ರೋಲ್ ಕಷಾಯದ ಬಣ್ಣಕ್ಕೆ ತಿರುಗಿತ್ತು. ಟ್ಯಾಂಕಿನ ತಳದಲ್ಲಿ ತುಕ್ಕು ಇದೆ, ತೂತು ಬಿದ್ದಿಲ್ಲ. ಎಂಜಿನ್ ಈಗ ಹಗುರವಾಗಿ ತಿರುಗುತ್ತಿದೆ. ಕರೆಂಟ್ ಹೇಗೆ ನೋಡುವುದು?

ಉತ್ತರ: ಟ್ಯಾಂಕಿಗೆ ಒಂದು ಹಿಡಿ ಸಣ್ಣ ನಟ್ಟು ಬೋಲ್ಟು, ಮುಳುಗುವಷ್ಟು ವಿನೆಗರ್ ಹಾಕಿ ಆಗಾಗ ಕುಲುಕಿ, ರಾತ್ರಿಯಿಡೀ ಬಿಡಿ. ಬಳಿಕ ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆಯಿರಿ, ಇಲ್ಲದಿದ್ದರೆ ಉಳಿದ ಹುಳಿ ಮತ್ತೆ ಕಬ್ಬಿಣವನ್ನು ತಿನ್ನುತ್ತದೆ. ಬಿಸಿಲಿಗೆ ಪೂರ್ತಿ ಒಣಗಿಸಿದ ಕೂಡಲೇ ಒಳಗೆಲ್ಲ 2ಟಿ ಆಯಿಲ್ ಸವರುವಂತೆ ಹೊರಳಿಸಿ. ಹಾಕಿದ ನಟ್ಟುಗಳನ್ನು ಎಣಿಸಿಟ್ಟುಕೊಂಡು ಅಷ್ಟನ್ನೂ ಹೊರತೆಗೆಯಿರಿ.

ಕರೆಂಟಿಗೆ: ಪ್ಲಗ್ಗನ್ನು ಹೊರಗೆ ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಸಿಲಿಂಡರ್ ಹೆಡ್ಡಿಗೆ ತಾಗಿರುವಂತೆ ಇಟ್ಟು ಕಿಕ್ ಹೊಡೆಯಿರಿ. ನೀಲಿ ಕಿಡಿ ಚಟ್ಟೆಂದು ಹಾರಬೇಕು. ಈ ಕೆಲಸ ಮಾಡುವಾಗ ಪೆಟ್ರೋಲ್ ಬಾಟಲಿ, ಒರೆಸಿದ ಬಟ್ಟೆ ಎಲ್ಲವೂ ದೂರವಿರಲಿ. ಕಿಡಿ ಇಲ್ಲದಿದ್ದರೆ ಮೊದಲು ಬೇರೆ ಪ್ಲಗ್ ಹಾಕಿ ನೋಡಿ. ಆಗಲೂ ಇಲ್ಲವೆಂದರೆ ಪಾಯಿಂಟ್. ನಿಮ್ಮ ಗಾಡಿಯ ವರ್ಷಕ್ಕೆ ಪಾಯಿಂಟ್ ಇರುವ ಮ್ಯಾಗ್ನೆಟ್ಟೇ (ಕಿಡಿಗೆ ಕರೆಂಟ್ ಹುಟ್ಟಿಸುವ ಭಾಗ) ಇರಬೇಕು. ಫ್ಯಾನ್ ಕವರ್ ಬಿಚ್ಚಿ, ಫ್ಲೈವೀಲಿನ ಕಿಟಕಿಯ ಮೂಲಕ ನೋಡಿದರೆ ಎರಡು ಪುಟ್ಟ ಲೋಹದ ಗುಂಡಿಗಳು ಒಂದನ್ನೊಂದು ಮುಟ್ಟಿ ಬಿಡುವುದು ಕಾಣುತ್ತದೆ. ನಯವಾದ ಎಮರಿ ಕಾಗದದ ಚೂರನ್ನು ನಡುವೆ ಎಳೆದಾಡಿ, ಆಮೇಲೆ ಪೆಟ್ರೋಲಿನಲ್ಲಿ ಅದ್ದಿದ ಶುದ್ಧ ಬಟ್ಟೆಯಿಂದ ಒರೆಸಿ. ಪೂರ್ತಿ ತೆರೆದಾಗ ಅಂತರ 0.4 ಮಿಲಿಮೀಟರ್ ಇರಲಿ. ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು) ಇಲ್ಲದಿದ್ದರೆ ಕೊಂಡುಕೊಳ್ಳಿ. ಅಂದಾಜಿನ ಮೇಲೆ ಪಾಯಿಂಟ್ ಹೊಂದಿಸಿದವರ ಗಾಡಿಗಳು ನನ್ನ ಗ್ಯಾರೇಜಿಗೆ ಬರುತ್ತಲೇ ಇರುತ್ತವೆ. ಎಂಜಿನ್ ತಿರುಗುವಾಗ ಪಾಯಿಂಟಿನಲ್ಲಿಯೇ ದೊಡ್ಡ ಕಿಡಿ ಕಂಡರೆ ಆ ಕಿಡಿಯನ್ನು ತಡೆಯುವ ಕಂಡೆನ್ಸರ್ ಹೋಗಿದೆ ಎಂದು ತಿಳಿಯಿರಿ.

ಸ್ಟಾರ್ಟ್ ಮಾಡುವ ಮೊದಲು ಹೊಸ ಪೆಟ್ರೋಲಿಗೆ ಲೀಟರಿಗೆ 20 ಮಿಲಿಲೀಟರ್ 2ಟಿ ಆಯಿಲ್ ಕಲಸುವುದನ್ನು ಮರೆಯಬೇಡಿ. ಈಗಿನವರು ಸೀದಾ ಬಂಕಿನಿಂದ ತುಂಬಿಸಿಕೊಂಡು ಬರುತ್ತಾರೆ. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಆ ಆಯಿಲನ್ನು ಬಿಟ್ಟರೆ ಬೇರೆ ಎಣ್ಣೆಯೇ ಇಲ್ಲ.

ಪ್ರಶ್ನೆ (ಅದೇ ಸದಸ್ಯೆ): ಸ್ಟಾರ್ಟ್ ಆಯಿತು! ಪಾಯಿಂಟ್ ಉಜ್ಜಿದ ಮೇಲೆ ಕಿಡಿ ಬಂತು. ಅಪ್ಪ ಕೋಲೂರಿಕೊಂಡು ಬಂದು ಆಕ್ಸಿಲರೇಟರ್ ತಿರುಗಿಸಿ ಹೋದರು. ಆದರೆ ಬಿಳಿ ಹೊಗೆ ಇಡೀ ಅಂಗಳ ತುಂಬುತ್ತಿದೆ, ಅರ್ಧ ಗಂಟೆ ಓಡಿಸಿದರೂ ಕಡಿಮೆಯಾಗಲಿಲ್ಲ. ಆಯಿಲ್ ಹೆಚ್ಚಾಯಿತೇ?

ಉತ್ತರ: ಸಂತೋಷ. ಅಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ನೀವು ರಂಧ್ರದೊಳಗೆ ಬಿಟ್ಟ ಆಯಿಲ್ ಮೊದಲ ಕೆಲವು ನಿಮಿಷಗಳಲ್ಲಿಯೇ ಉರಿದುಹೋಗುತ್ತದೆ. ಸೈಲೆನ್ಸರಿನೊಳಗಿನ ಹಳೆಯ ಜಿಡ್ಡು ಇನ್ನೂ ಸ್ವಲ್ಪ ಹೊತ್ತು ಹೊಗೆಯಾಡುತ್ತದೆ. ಅರ್ಧ ಗಂಟೆಯ ಮೇಲೂ ದಟ್ಟ ಬಿಳಿ ಹೊಗೆ ಎಂದರೆ ನನಗೆ ಅನುಮಾನ ಆಯಿಲ್ ಸೀಲಿನ ಮೇಲೆ.

ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡೂ ಬದಿಗೆ ರಬ್ಬರ್ ಸೀಲ್ ಇರುತ್ತದೆ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮತ್ತು ಗಾಳಿ ಮೊದಲು ಕ್ರ್ಯಾಂಕಿನ ಕೋಣೆಗೆ ಬಂದು ಅಲ್ಲಿಂದ ಮೇಲೆ ಹೋಗುವುದರಿಂದ, ಆ ಕೋಣೆ ಉಸಿರಾಡುತ್ತಲೇ ಇರುತ್ತದೆ. ಕ್ಲಚ್ ಬದಿಯ ಸೀಲ್ ಬಿರಿದರೆ ಗೇರ್ ಆಯಿಲನ್ನು ಒಳಗೆ ಹೀರಿಕೊಂಡು ಸುಡುತ್ತದೆ, ಆಗ ಇಂತಹ ಹೊಗೆ. ಮ್ಯಾಗ್ನೆಟ್ ಬದಿಯ ಸೀಲ್ ಬಿರಿದರೆ ಹೊರಗಿನ ಗಾಳಿಯನ್ನು ಹೀರುತ್ತದೆ. ಆಗ ಹೊಗೆ ಇರುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತದೆ. ಹೊಗೆಗಿಂತ ಇದು ಅಪಾಯ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ.

ಪರೀಕ್ಷೆ ಸುಲಭ. ಗಾಡಿಯನ್ನು ನೇರವಾಗಿ ನಿಲ್ಲಿಸಿ, ಗೇರ್ ಆಯಿಲ್ ತುಂಬುವ ಸ್ಕ್ರೂವಿನ ರಂಧ್ರದ ಅಂಚಿನವರೆಗೆ ಆಯಿಲ್ ಹಾಕಿ. ನಾಲ್ಕಾರು ದಿನ ಊರೊಳಗೆ ಓಡಿಸಿ ಮತ್ತೆ ನೋಡಿ. ನೆಲಕ್ಕೆ ಸೋರದೆಯೇ ಮಟ್ಟ ಇಳಿದಿದ್ದರೆ ಸೀಲ್ ಹೋಗಿದೆ. ಆಗ ಎಂಜಿನ್ ಇಳಿಸಲೇಬೇಕು, ಅದು ಗ್ಯಾರೇಜಿನ ಕೆಲಸ. ಆದರೆ ಅವರಿಗೆ ಹೇಳುವ ಮಾತು ಬೇರೆಯಾಗುತ್ತದೆ: ‘ಎರಡೂ ಸೀಲ್ ಬದಲಿಸಿ, ಬೋರ್ ಅಳತೆ ತೆಗೆದು ನನಗೆ ತೋರಿಸಿ, ಕೇಳದೆ ಪಿಸ್ಟನ್ ಹಾಕಬೇಡಿ.’ ಸೀಲುಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ಒಳ್ಳೆಯ ಕಂಪನಿಯದನ್ನೇ ತರಿಸಿ. ಕಳಪೆ ಸೀಲಿಗಾಗಿ ಇನ್ನೊಮ್ಮೆ ಎಂಜಿನ್ ಇಳಿಸುವ ಕೂಲಿ ಯಾರು ಕೊಡುತ್ತಾರೆ?

ಪ್ರಶ್ನೆ (ತುಮಕೂರಿನ ಸದಸ್ಯರು): ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ತಂದೆಯವರು ಚೇತಕ್ಕನ್ನು ಒಂದು ಬದಿಗೆ ಬಗ್ಗಿಸಿ ಸ್ಟಾರ್ಟ್ ಮಾಡುತ್ತಿದ್ದರು. ಅದು ಬರೀ ನಂಬಿಕೆಯೇ?

ಉತ್ತರ: ನಂಬಿಕೆಯಲ್ಲ. ಬಗ್ಗಿಸಿದಾಗ ಟ್ಯಾಂಕಿನ ಮೂಲೆಯಲ್ಲಿ ಉಳಿದ ಪೆಟ್ರೋಲ್ ಕೊಳವೆಯ ಬಾಯಿಗೆ ಹರಿಯುತ್ತದೆ, ಕಾರ್ಬುರೇಟರಿನಲ್ಲಿರುವುದು ತುಳುಕಿ ಒಂದು ಗುಟುಕು ಹೆಚ್ಚಾಗಿ ಒಳಗೆ ಹೋಗುತ್ತದೆ. ಆದರೆ ದಿನವೂ ಬಗ್ಗಿಸಬೇಕಾದ ಗಾಡಿಯಲ್ಲಿ ಪೆಟ್ರೋಲಿನ ದಾರಿ ಎಲ್ಲೋ ಕಟ್ಟಿದೆ ಎಂದೇ ಅರ್ಥ.

ಪ್ರಶ್ನೆ (ದಾವಣಗೆರೆಯ ಸದಸ್ಯರು): ಅಣ್ಣ, ನನ್ನದು 1985ರ ಯೆಜ್ಡಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. ಈಗ ಬಂಕಿನಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಗಾಡಿ ಹಾಳಾಗುತ್ತದೆ ಎಂದು ಎಲ್ಲರೂ ಹೆದರಿಸುತ್ತಾರೆ. ಎಥನಾಲ್ ವಿರುದ್ಧ ಎಂದು ಒಂದು ಬಾಟಲಿ ಔಷಧವನ್ನೂ ಮಾರುತ್ತಿದ್ದಾರೆ, ಹಾಕಲೇ?

ಉತ್ತರ: ಆ ಕಾರ್ಖಾನೆ 1996ರಲ್ಲಿಯೇ ಮುಚ್ಚಿತು, ಹಾಗಾಗಿ ಅದರ ಯಾವ ಗಾಡಿಯೂ ಎಥನಾಲಿಗೆಂದು ತಯಾರಾದದ್ದಲ್ಲ. ಹೆದರಿಕೆಯಲ್ಲಿ ಅರ್ಧ ನಿಜ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಅದರೊಳಗೆ ಆಮ್ಲಜನಕವೂ ಇದೆ. ಹೊಸ ಗಾಡಿಯಲ್ಲಿ ಸೆನ್ಸರ್ ನೋಡಿಕೊಂಡು ಇಂಧನ ಹೆಚ್ಚಿಸುತ್ತದೆ. ನಿಮ್ಮ ಕಾರ್ಬುರೇಟರಿಗೆ ಅದು ತಿಳಿಯದು, ಮೊದಲಿನಷ್ಟನ್ನೇ ಕೊಡುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಕಾಯುತ್ತದೆ. ಹತ್ತು ಕಿಲೋಮೀಟರ್ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಪುಡಿಯ ಬಣ್ಣವಿದ್ದರೆ ಏನೂ ಮಾಡಬೇಡಿ. ಸುಣ್ಣದಂತೆ ಬೆಳ್ಳಗಾಗಿದ್ದರೆ ಮೇನ್ ಜೆಟ್ ಒಂದು ಅಳತೆ ದೊಡ್ಡದು ಹಾಕಿಸಿ. ಮೈಲೇಜು ಸ್ವಲ್ಪ ಇಳಿಯುತ್ತದೆ; ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ದ್ವಿಚಕ್ರ ವಾಹನಗಳಲ್ಲಿ ಶೇ 3ರಿಂದ 4ರಷ್ಟು ಇಳಿಕೆಯನ್ನು ಅಂದಾಜು ಮಾಡಿತ್ತು.

ಹಳೆಯ ರಬ್ಬರ್ ಪೆಟ್ರೋಲ್ ಪೈಪ್ ಉಬ್ಬಿ ಬಿರಿಯುತ್ತದೆ, ಅದನ್ನು ಈಗಲೇ ಬದಲಿಸಿ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕುವವರೆಗೆ ಕಾಯಬೇಡಿ.

ಟೂ ಸ್ಟ್ರೋಕಿನವರು ಗಮನಿಸಲೇಬೇಕಾದದ್ದು ಇನ್ನೊಂದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಕೂರುತ್ತವೆ. ನೀವು ಕಲಸಿದ 2ಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲಿಯೇ ಉಳಿಯುತ್ತದೆ, ಕೊಳವೆ ಎಳೆಯುವುದು ತಳದ್ದನ್ನು. ಎಣ್ಣೆಯಿಲ್ಲದ ದ್ರವ ಎಂಜಿನ್ನಿಗೆ ಹೋಗುತ್ತದೆ! ಬಾಟಲಿ ಔಷಧದಿಂದ ಬೇರ್ಪಟ್ಟದ್ದು ಮತ್ತೆ ಒಂದಾಗುವುದಿಲ್ಲ. ಆ ದುಡ್ಡಿಗೆ ಹೊಸ ಪೈಪ್ ಮತ್ತು ಫಿಲ್ಟರ್ ಬರುತ್ತದೆ. ವಾರಕ್ಕೊಮ್ಮೆ ಓಡಿಸಿ, ಸ್ವಲ್ಪ ಸ್ವಲ್ಪವೇ ತುಂಬಿಸಿ. ಮಳೆಗಾಲವಿಡೀ ನಿಲ್ಲಿಸುವುದಾದರೆ ಟ್ಯಾಂಕ್, ಕಾರ್ಬುರೇಟರ್ ಎರಡನ್ನೂ ಖಾಲಿ ಮಾಡಿ.

ಪ್ರಶ್ನೆ (ಸಾಗರದ ಶಿಕ್ಷಕಿ): ಮೇಸ್ತ್ರಿಗಳೇ, ಗೇರ್ ಆಯಿಲ್ ನಿಜವಾಗಿಯೂ ಇಳಿದಿತ್ತು. ಗಾಡಿಯನ್ನು ಗ್ಯಾರೇಜಿಗೆ ಬಿಟ್ಟಿದ್ದೇನೆ, ನೀವು ಹೇಳಿದ ಮಾತನ್ನೇ ಹೇಳಿ ಬಂದೆ. ಈಗ ಸೋದರಮಾವನ ಮಾರುತಿ 800ರ ಸರದಿ. 1997ರದು, ಕಾರ್ಬುರೇಟರ್ ಇರುವುದು, ಅದೂ ಒಂದು ವರ್ಷದಿಂದ ಶೆಡ್ಡಿನಲ್ಲಿದೆ. ಹೊಸ ಬ್ಯಾಟರಿ ಹಾಕಿದರೆ ಸಾಕೇ?

ಉತ್ತರ: ಬ್ಯಾಟರಿ ಕೊನೆಗೆ. ಮೊದಲು ಟಾರ್ಚ್ ಹಿಡಿದು ಬಾನೆಟ್ಟಿನ ಒಳಗೆ, ಏರ್ ಫಿಲ್ಟರಿನ ಡಬ್ಬಿಯೊಳಗೆ, ಡ್ಯಾಶ್‌ಬೋರ್ಡಿನ ಕೆಳಗೆ ಇಲಿ ಗೂಡು ಇದೆಯೇ ನೋಡಿ. ಮಲೆನಾಡಿನ ಶೆಡ್ಡಿನಲ್ಲಿ ಇಲಿ ವೈರ್ ಕಡಿಯದೆ ಬಿಟ್ಟಿದ್ದರೆ ಅದು ನಿಮ್ಮ ಪುಣ್ಯ. ಕಡಿದ ವೈರಿಗೆ ಹೊಸ ಬ್ಯಾಟರಿ ಜೋಡಿಸಿದರೆ ಬೆಂಕಿ ಹೊತ್ತಿಕೊಳ್ಳಬಹುದು.

ಎರಡನೆಯದು ಬ್ರೇಕ್. ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದ್ದರೆ ಹಿಂದಿನ ಶೂ ಡ್ರಮ್ಮಿಗೆ ಅಂಟಿಕೊಂಡಿರುತ್ತದೆ. ಎಂಜಿನ್ ಬಲದಿಂದ ಎಳೆಯಲು ಹೋಗಬೇಡಿ. ಚಕ್ರ ಕಳಚಿ ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ತಟ್ಟಿ ಬಿಡಿಸಬೇಕು. ಕಾರಿನ ಕೆಳಗೆ ಕೈ ಹಾಕುವ ಮುನ್ನ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಕೊಡಿ. ಕಲ್ಲು, ಇಟ್ಟಿಗೆ ಬೇಡ. ಡ್ರಮ್ಮಿನೊಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಹಳೆಯ ಲೈನಿಂಗಿನಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ಕೂಡ ಗಾಳಿಯ ತೇವ ಹೀರಿಕೊಳ್ಳುತ್ತದೆ. ಪೂರ್ತಿ ಬದಲಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಈ ಕೆಲಸ ಮಾತ್ರ ಬಲ್ಲವರ ಕೈಯಲ್ಲಿ ಆಗಲಿ. ಸ್ಟಾರ್ಟ್ ಆಗದ ಕಾರು ಮನೆಯಲ್ಲಿರುತ್ತದೆ, ನಿಲ್ಲದ ಕಾರು ಎಲ್ಲಿಗೆ ಹೋಗುತ್ತದೆಯೋ ಹೇಳಲಾಗದು.

ರೇಡಿಯೇಟರಿಗೆ ಬೋರ್‌ವೆಲ್ ನೀರು ತುಂಬಬೇಡಿ, ಕೂಲಂಟ್ ಹಾಕಿ. ‘ಕಾರು ಬಿಸಿಯಾಗುತ್ತದೆ’ ಎಂದ ಕೂಡಲೇ ಥರ್ಮೋಸ್ಟಾಟ್ (ಎಂಜಿನ್ನಿನ ಶಾಖವನ್ನು ಹದದಲ್ಲಿಡುವ ಕವಾಟ) ಕಿತ್ತು ಎಸೆಯುವ ಮೆಕ್ಯಾನಿಕ್ಕರಿದ್ದಾರೆ. ಅದನ್ನು ಕಿತ್ತರೆ ಎಂಜಿನ್ ಎಂದೂ ಸರಿಯಾದ ಶಾಖಕ್ಕೆ ಬರುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ನಿಮ್ಮ ಮಾವನವರ ಕಾರಿನಲ್ಲಿ ಅದು ಇದೆಯೇ ಎಂದು ಮೊದಲು ನೋಡಿಸಿ.

ಪ್ರಶ್ನೆ (ಹಾಸನದ ಸದಸ್ಯರು): ಸರ್, ನಮ್ಮ ಲೂನಾದ ಟ್ಯಾಂಕ್ ತೂತಾಗಿದೆ. ಪಕ್ಕದಲ್ಲಿ ಗ್ರಿಲ್ ಮಾಡುವವರು ವೆಲ್ಡಿಂಗ್ ಮಾಡಿಕೊಡುತ್ತಾರಂತೆ. ಟ್ಯಾಂಕ್ ಖಾಲಿ ಇದೆ.

ಉತ್ತರ: ಬೇಡ. ಖಾಲಿ ಟ್ಯಾಂಕೇ ಹೆಚ್ಚು ಅಪಾಯ, ಒಳಗೆ ಇರುವುದು ಪೆಟ್ರೋಲಿನ ಆವಿ. ಒಂದು ಕಿಡಿ ಸಾಕು, ಟ್ಯಾಂಕ್ ಸಿಡಿಯುತ್ತದೆ. ಟ್ಯಾಂಕ್ ದುರಸ್ತಿಯನ್ನೇ ಕಸುಬಾಗಿ ಮಾಡುವವರಲ್ಲಿಗೆ ಒಯ್ಯಿರಿ, ಇಲ್ಲವೇ ಬೇರೆ ಟ್ಯಾಂಕ್ ಹುಡುಕಿ.

ಪ್ರಶ್ನೆ (ಸಾಗರದ ಶಿಕ್ಷಕಿ): ಚೇತಕ್ ಮನೆಗೆ ಬಂತು, ಹೊಗೆ ನಿಂತಿದೆ. ಬೋರ್ ಚೆನ್ನಾಗಿಯೇ ಇದೆ ಎಂದರು. ಎರಡು ಪ್ರಶ್ನೆ ಉಳಿದಿವೆ. ಆರ್‌ಸಿ ಅವಧಿ ಮುಗಿದಿದೆ, ರಸ್ತೆಗೆ ಇಳಿಸಬಹುದೇ? ಟೈರುಗಳು ಬಿರುಕು ಬಿಟ್ಟಿವೆ, ನಾನೇ ಬದಲಿಸಬಹುದೇ?

ಉತ್ತರ: ಆರ್‌ಸಿ ನವೀಕರಣವಾಗುವವರೆಗೆ ರಸ್ತೆಗೆ ಇಳಿಸಬೇಡಿ, ಊರೊಳಗೆ ಓಡಿಸಿ ಎಂದು ನಾನು ಅಂದದ್ದನ್ನೂ ಇನ್ನು ಮುಂದೆ ಅಂಗಳಕ್ಕೇ ಇಟ್ಟುಕೊಳ್ಳಿ. ಹದಿನೈದು ವರ್ಷದ ಬಳಿಕ ಐದೈದು ವರ್ಷಕ್ಕೆ ನವೀಕರಿಸುತ್ತಾರೆ, ಗಾಡಿಯನ್ನು ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು. ಇಪ್ಪತ್ತು ವರ್ಷ ದಾಟಿದ ದ್ವಿಚಕ್ರ ವಾಹನಗಳ ಶುಲ್ಕವನ್ನು 2025ರಲ್ಲಿ 2,000 ರೂಪಾಯಿಗೆ ಏರಿಸಿದ್ದಾರೆ. ವಿಮೆಯನ್ನೂ ಮಾಡಿಸಿ. ಅಲ್ಲಿಯವರೆಗೆ ಟೆಂಪೊದಲ್ಲಿ ಸಾಗಿಸಿ.

ಟೈರ್ ನೀವೇ ಬದಲಿಸಬಹುದು, ಸ್ಟೆಪ್ನಿಯೂ ಸೇರಿ ಮೂರನ್ನೂ. ಅಳತೆ 3.50-10. ಆದರೆ ಈ ಒಂದನ್ನು ಅಪ್ಪನವರ ಎದುರಿಗೇ ಮಾಡಿ. ಚೇತಕ್ಕಿನ ರಿಮ್ ಎರಡು ಹೋಳುಗಳನ್ನು ನಟ್ಟಿನಿಂದ ಜೋಡಿಸಿದ್ದು. ಚಕ್ರವನ್ನು ಗಾಡಿಯಿಂದ ಬಿಡಿಸುವ ನಟ್ಟುಗಳು ಬೇರೆ, ಆ ಎರಡು ಹೋಳುಗಳನ್ನು ಹಿಡಿದಿರುವ ನಟ್ಟುಗಳು ಬೇರೆ. ಗಾಳಿ ಇರುವಾಗ ಎರಡನೆಯದನ್ನು ಸಡಿಲಿಸಿದರೆ ರಿಮ್ ಸಿಡಿದು ಮುಖಕ್ಕೆ ಬಡಿಯುತ್ತದೆ. ಚಕ್ರ ಕೈಗೆ ಬಂದ ಕೂಡಲೇ ವಾಲ್ವಿನ ಪಿನ್ನು ಪೂರ್ತಿ ಕಿತ್ತು, ಟೈರ್ ಮೆತ್ತಗಾಗಿದೆಯೆಂದು ಕೈಯಿಂದ ಒತ್ತಿ ನೋಡಿ, ಆಮೇಲೆಯೇ ಸ್ಪಾನರ್ ಹಾಕಿ. ಜೋಡಿಸುವಾಗಲೂ ಹೋಳಿನ ನಟ್ಟುಗಳನ್ನೆಲ್ಲ ಬಿಗಿದ ಮೇಲೆಯೇ ಗಾಳಿ. ಟ್ಯೂಬ್ ಎರಡು ಹೋಳುಗಳ ನಡುವೆ ಸಿಕ್ಕಿಕೊಳ್ಳದಂತೆ ಮೊದಲು ಸ್ವಲ್ಪವೇ ಗಾಳಿ ತುಂಬಿ ಕೂರಿಸಿಕೊಳ್ಳಿ.