ಕಬ್ಬಿನ ರವದಿ ಹೊಗಿ: ಅಸ್ತಮಾ ಇರೋ ಮಗುಗೆ ಏನು ಮಾಡಬೇಕ್ರಿ?

ಮುಧೋಳದ ತಾಯಿ:
ಕಬ್ಬು ಕಡಿದ ಹೊಲದಾಗ ರವದಿ (ಉಳಿದ ಒಣ ಎಲಿ) ಸುಡಾಕತ್ಯಾರ. ಮಗಗ ಆರು ವರ್ಷ, ಅಸ್ತಮಾ ಐತಿ. ಸಂಜೀಕ ಹೊಗಿ ಮನಿ ತುಂಬತೈತಿ, ರಾತ್ರಿ ಕೆಮ್ಮು, ಎದಿಯಾಗ ಸುಂಯ್ ಸಪ್ಪಳ. ಹಸಿ ಬಟ್ಟಿ ಮೂಗಿಗೆ ಕಟ್ಟಿದ್ರ ಸಾಕೇನ್ರಿ? ನೀಲಿ ಪಂಪ್ (ಇನ್ಹೇಲರ್) ಎಷ್ಟು ಸಲ ಕೊಡಬಹುದು?

ಶ್ವಾಸಕೋಶ_ಬಾಗಲಕೋಟೆ:
ಅಕ್ಕಾರ, ಹಸಿ ಬಟ್ಟೆ ಬೂದಿಯನ್ನಷ್ಟೇ ತಡೀತದ. 2.5 ಮೈಕ್ರಾನ್‌ಗಿಂತ ಸಣ್ಣ ಕಣಗಳು ಅದರೊಳಗಿಂದ ನುಸುಳಿ ಶ್ವಾಸಕೋಶದ ಆಳಕ್ಕೆ ಇಳಿಯತಾವ. ಮಕ್ಕಳ ಶ್ವಾಸನಾಳ ಸಣ್ಣದು. ಸ್ವಲ್ಪ ಬಾವು ಬಂದರೂ ದಾರಿ ಕಟ್ಟತದ. ಎನ್95 ಮಾಸ್ಕ್ ಸಣ್ಣ ಮುಖಕ್ಕೆ ಕೂಡೂದಿಲ್ಲ, ಅಂಚಿನಿಂದ ಹೊಗೆ ಒಳಗ ಬರತದ.

ನೀಲಿ ಪಂಪ್ ಅಂದ್ರ ಶ್ವಾಸನಾಳ ಬೇಗ ಸಡಿಲ ಮಾಡೋ ಔಷಧ ಸಾಲ್ಬುಟಮಾಲ್, ಒಂದು ಪಫ್‌ಗೆ (ಒಂದು ಸಲ ಒತ್ತಿದರ) 100 ಮೈಕ್ರೋಗ್ರಾಂ ಅಂತ ಹಿಡಿದು ಹೇಳತೀನಿ. ನಿಮ್ಮ ವೈದ್ಯರು ಬರೆದುಕೊಟ್ಟ ಪ್ರಮಾಣವೇ ಮೊದಲು. ಸಾಮಾನ್ಯವಾಗಿ ಈ ವಯಸ್ಸಿಗೆ 2ರಿಂದ 4 ಪಫ್. ಸ್ಪೇಸರ್ (ಪಂಪಿಗೆ ಜೋಡಿಸೋ ಪ್ಲಾಸ್ಟಿಕ್ ಕೊಳವಿ) ಇಲ್ಲದೆ ಕೊಡಬ್ಯಾಡ್ರಿ, ಔಷಧ ಬಾಯಾಗ, ಗಂಟಲಾಗ ಉಳೀತದ. ಪಂಪ್ ಅಲುಗಾಡಿಸಿ, ಒಂದೇ ಪಫ್ ಒತ್ತಿ, 5–6 ಉಸಿರು ಎಳೆಸಿ, ಅರ್ಧ ನಿಮಿಷ ಬಿಟ್ಟು ಮುಂದಿನದು. ಎರಡು ಪಫ್ ಒಮ್ಮೆಲೇ ಒತ್ತಿದರ ಔಷಧ ಸ್ಪೇಸರಿನ ಗೋಡೆಗೆ ಅಂಟತದ. 20 ನಿಮಿಷದಾಗ ಆರಾಮ ಆಗದಿದ್ದರ ಇನ್ನೊಮ್ಮೆ ಕೊಡುತ್ತಲೇ ಆಸ್ಪತ್ರೆಗೆ ಹೊರಡ್ರಿ. ನಾಲ್ಕು ತಾಸಿನೊಳಗ ಮತ್ತೆ ಪಂಪ್ ಬೇಕಾದ್ರ ಅದೇ ದಿನ ವೈದ್ಯರಿಗೆ ತೋರಿಸ್ರಿ.

ಪಕ್ಕೆಲುಬಿನ ನಡುವಿನ ಚರ್ಮ ಒಳಗ ಎಳೀತಿದ್ದರ, ಪೂರಾ ಮಾತು ಆಡಾಕ ಆಗದಿದ್ದರ, ತುಟಿ ನೀಲಿಯಾದರ ಕಾಯಬ್ಯಾಡ್ರಿ, 108ಕ್ಕೆ ಫೋನ್ ಮಾಡ್ರಿ. ಎದೆಯ ಸಪ್ಪಳ ನಿಂತೂ ಮಗು ಸುಸ್ತಾಗಿ ಕೂತರ ಅದು ಗುಣವಲ್ಲ, ಇನ್ನೂ ದೊಡ್ಡ ಅಪಾಯ.

ಶ್ವಾಸನಾಳದ ಬಾವು ತಡೆಯಾಕ ದಿನಾ ಪಂಪಿನಿಂದ ಕೊಡೋ ಬುಡೆಸೊನೈಡ್‌ನಂಥ ಔಷಧವನ್ನು ಸುಗ್ಗಿ ತಿಂಗಳಲ್ಲಿ ನಿಲ್ಲಿಸಲೇಬಾರದು. ತಗೊಂಡ ಮ್ಯಾಲ ಬಾಯಿ ಮುಕ್ಕಳಿಸಬೇಕು.

ಕುಳೆ_ಕಬ್ಬು_ಜಮಖಂಡಿ:
ಚಳಿಗಾಲದ ಸಂಜೆ ನೆಲ ಬೇಗ ತಣ್ಣಗಾಗತದ, ಹೊಗೆ ಮ್ಯಾಲೇರದೆ ಊರಾಗೇ ಕೂಡತದ. ಬಾಜೂ ಹೊಲದವರ ಜೋಡಿ ಇದನ್ನ ಮಾತಾಡ್ರಿ. ಕುಳೆ (ಕಡಿದ ಬುಡದಿಂದ ಮತ್ತೆ ಚಿಗುರೋ ಬೆಳೆ) ಬಿಡೋರು ರವದಿಯನ್ನ ಯಂತ್ರದಿಂದ ಪುಡಿ ಮಾಡಿಸಿ ಸಾಲಿನ ನಡುವೆ ಹರವಿದರ ಹಸಿ ಉಳೀತದ, ಕಳೆ ಕಡಿಮೆ. ಸುಟ್ಟರ ಅದರಾಗಿನ ಸಾರಜನಕ ಹೊಗೆಯಾಗಿ ಹೋಗತದ.

ಔಷಧ_ಅಂಗಡಿ_ಅಥಣಿ:
ಮ್ಯಾಲಿನದಕ್ಕ ಎರಡು ಮಾತು. ಸ್ಪೇಸರನ್ನ ಸೋಪಿನ ನೀರಾಗ ಅದ್ದಿ ತೆಗೆದು ಹಾಗೇ ಆರಲಿಕ್ಕೆ ಬಿಡ್ರಿ. ಬಟ್ಟೆಯಿಂದ ಒರೆಸಿದರ ಸ್ಥಿರವಿದ್ಯುತ್ ಹುಟ್ಟಿ ಔಷಧ ಹಿಡಕೋತದ. ಪಂಪ್ ನೀರಾಗ ತೇಲಿಸಿ ಖಾಲಿ ಆಗೇದೋ ಇಲ್ಲೋ ನೋಡೋದು ತಪ್ಪು, ಡಬ್ಬಿ ಮ್ಯಾಲಿನ ಪಫ್ ಲೆಕ್ಕ ಹಿಡೀರಿ.

ಹೊಗೆ ಇದ್ದಾಗ ಒಂದೇ ಕೋಣೆಯ ಕಿಟಕಿ ಮುಚ್ಚಿ, ಬಾಗಿಲ ಕೆಳಗ ಹಸಿ ಟವೆಲ್ ಇಟ್ಟು ಮಗುನ್ನ ಅಲ್ಲೇ ಮಲಗಿಸ್ರಿ. ಊದಿನಕಡ್ಡಿ, ಸೊಳ್ಳೆಬತ್ತಿ, ಒಗ್ಗರಣೆ ಹೊಗೆ ಆ ಹೊತ್ತಿಗೆ ಬ್ಯಾಡ. ಕೂಲರ್ ಹೊರಗಿನ ಗಾಳೀನೇ ಎಳೀತದ, ಬಂದ್ ಇರಲಿ. ಹೊಗೆ ಸರಿದ ಮ್ಯಾಲ ಕಿಟಕಿ ತೆಗೆದು, ಕಸಬರಿಗೆ ಬದಲು ಹಸಿ ಬಟ್ಟೆಯಿಂದ ನೆಲ ಒರೆಸ್ರಿ.